ಅರವಟಿಗೆಯ ನೀರಿಗೆ ಬೇಯದ ಬೇಳೆ

ಶಹಾಪುರದಲ್ಲಿ ನಮ್ಮಕ್ಕನ ಖಾನಾವಳಿಯ ಎದುರಿಗೇ ಒಂದು ಬೇಳೆ ಮಿಲ್ಲು ಇದೆ. ಮಿಲ್ಲಿನ ಗೇಟಿನ ಪಕ್ಕ, ಬೇವಿನ ಮರದ ಕೆಳಗೆ, ತಗಡಿನ ಚಪ್ಪರ ಹಾಕಿ ಅರವಟಿಗೆ ಮಾಡಿದ್ದರು. ದೊಡ್ಡ ದೊಡ್ಡ ಮಣ್ಣಿನ ಹರವಿಗಳು, ಅವುಗಳ ಹೊಟ್ಟೆಗೆ ಸುತ್ತಿದ ಕೆಂಪು ಒದ್ದೆ ಬಟ್ಟೆ, ಒಳಗೆ ಲಾವಂಚದ ಬೇರಿನ ಕಟ್ಟು, ಸರಪಳಿ ಹಾಕಿ ಕಟ್ಟಿದ ಸ್ಟೀಲ್ ಗ್ಲಾಸು. ಹಿಂದಿನ ಗೋಡೆಯಲ್ಲಿ ಕರಿ ಗ್ರಾನೈಟಿನ ಕಲ್ಲು. ತೀರಿಹೋದ ತಾಯಿಯ ಸ್ಮರಣೆಗಾಗಿ ಮಿಲ್ಲಿನ ಸಾವುಕಾರರು ನಡೆಸುವ 'ಶುದ್ಧ ಕುಡಿಯುವ ನೀರಿನ ಸೇವೆ' ಎಂದು ಅದರ ಮೇಲೆ ಬಂಗಾರದ ಬಣ್ಣದಲ್ಲಿ ಕೊರೆಸಿದ್ದರು. ಗ್ಲಾಸಿಗೆ ಸರಪಳಿ ಹಾಕಿದವರು 'ಶುದ್ಧ' ಎಂಬ ಪದಕ್ಕೂ ಒಂದು ಸರಪಳಿ ಹಾಕಬೇಕಿತ್ತು. ಅದು ಕಲ್ಲು ಬಿಟ್ಟು ಮೊದಲ ದಿನವೇ ಓಡಿಹೋಗಿತ್ತು.

ನಾನು ಸುರಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತೇನೆ. ಊಟ, ವಾಸ ಎಲ್ಲ ಅಕ್ಕನ ಮನೆಯಲ್ಲಿ. ಮನೆಯ ಮುಂಭಾಗವೇ ಖಾನಾವಳಿ. ಹೀಗಾಗಿ ಈ ಅರವಟಿಗೆ ಹುಟ್ಟಿದ್ದನ್ನೂ ನೋಡಿದೆ, ಮುಚ್ಚಿದ್ದನ್ನೂ ನೋಡಿದೆ.

ಹುಟ್ಟಿದ ದಿನ ದೊಡ್ಡ ಪೂಜೆಯಾಗಿತ್ತು. ನೀರು ಶುದ್ಧ ಮಾಡುವ ಯಂತ್ರವನ್ನು ಮಿಲ್ಲಿನ ಹಿಂದಿನ ಕೋಣೆಯಲ್ಲಿ ಕೂಡಿಸಿದ್ದರು. ಊರಲ್ಲಿ ಎಲ್ಲರೂ ಅದಕ್ಕೆ ಆರ್‌ಓ ಅನ್ನುತ್ತಾರೆ. ಪಂಪಿಗೆ ವಿಭೂತಿ ಎಳೆದಿದ್ದರು. ಒಂದೊಂದು ಸಿಲಿಂಡರಿಗೂ ಚೆಂಡು ಹೂವಿನ ಮಾಲೆ. ಪ್ರತಿ ಅಮಾವಾಸ್ಯೆಗೆ ಅಬ್ಬೆತುಮಕೂರಿನ ಮಠಕ್ಕೆ ತಪ್ಪದೆ ಹೋಗಿಬರುವ ಸಾವುಕಾರರು ತಾವೇ ಮುಂದೆ ನಿಂತು ಬಂದವರಿಗೆಲ್ಲ ತೋರಿಸಿದರು.

"ಇದು ಉಸುಕಿನ ಡಬ್ಬಿರಿ. ಮಣ್ಣು, ಕಸ ಇಲ್ಲೇ ಹಿಡಿತದ. ಇದು ಇದ್ದಲಿ ಡಬ್ಬಿ. ವಾಸನಿ, ಬಣ್ಣ ಎಲ್ಲಾ ನುಂಗ್ತದ. ಇಲ್ಲಿ ನೂಲು ಸುತ್ತಿದ್ದು ಕ್ಯಾಂಡಲ್ ಅದ. ಕಣ್ಣಿಗಿ ಕಾಣದ ಧೂಳ ಇದ್ರೂ ಬಿಡಂಗಿಲ್ಲ."

"ಮತ್ತ ಈ ಉದ್ದನ್ನ ಕೊಳವಿರಿ, ಸಾವ್ಕಾರ್ರ?" ಎಂದು ಮಿಲ್ಲಿನ ಹಮಾಲನೊಬ್ಬ ಕೇಳಿದ.

"ಅದ ನೋಡು ಜೀವಾಳ. ಅದರಾಗ ಪರದೆ ಅದ. ವಿಷ ಇದ್ರೂ ಆಚಿಗಿ ದಾಟಾಕ ಬಿಡಂಗಿಲ್ಲ."

ಆಚೆಗೆ ದಾಟದ ವಿಷ ಮತ್ತೆಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ. ಎಲ್ಲರ ಬಾಯಲ್ಲಿ ಪ್ರಸಾದದ ಬೂಂದಿ ಇತ್ತು.

ಆ ಕೊಳವೆಯ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ಮಾವಿನಕಾಯಿ ಹೋಳಿಗೆ ಉಪ್ಪು ಸವರಿ ಇಟ್ಟರೆ ಮರುದಿನ ಜಾಡಿಯಲ್ಲಿ ನೀರು ನಿಂತಿರುತ್ತದೆ. ಹೋಳಿನ ಒಳಗಿನ ನೀರನ್ನು ಹೊರಗಿನ ಉಪ್ಪು ಎಳೆದುಕೊಂಡಿರುತ್ತದೆ. ತೆಳ್ಳನೆಯ ಪೊರೆಯೊಂದು ನಡುವೆ ಇದ್ದರೆ ನೀರು ತಾನಾಗಿ ಉಪ್ಪಿನ ಕಡೆಗೇ ನಡೆಯುತ್ತದೆ; ಅದು ಅದರ ಸ್ವಭಾವ. ಯಂತ್ರ ಮಾಡುವುದು ಇದಕ್ಕೆ ಉಲ್ಟಾ. ಉಪ್ಪಿನ ಕಡೆಯಿಂದ ದೊಡ್ಡ ಪಂಪು ಹಚ್ಚಿ ದಬ್ಬುತ್ತದೆ. ನೀರು ಬೇಡವೆಂದರೂ ಪೊರೆ ದಾಟಬೇಕು. ಉಪ್ಪು ದಾಟಲಾರದು. ಕೊಳವೆಯೊಳಗೆ ಆ ಪೊರೆಯನ್ನು ಚಾಪೆ ಸುತ್ತಿದ ಹಾಗೆ, ತೂತುಗಳಿರುವ ಒಂದು ನಳಿಕೆಯ ಸುತ್ತ ಸುತ್ತಿರುತ್ತಾರೆ. ದಾಟಿದ ನೀರು ಸುತ್ತಿ ಸುತ್ತಿ ನಡುವಿನ ನಳಿಕೆಗೆ ಬಂದು ಒಂದು ಪೈಪಿನಿಂದ ಹೊರಬೀಳುತ್ತದೆ.

ಇಲ್ಲಿಯವರೆಗೆ ಎಲ್ಲರೂ ಹೇಳುತ್ತಾರೆ. ಮುಂದಿನದನ್ನು ಹೇಳುವುದಿಲ್ಲ. ಉಸುಕಿನ ಡಬ್ಬಿ ತಾನು ಹಿಡಿದ ಕಸವನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಪೊರೆ ಹಾಗಲ್ಲ. ಅದು ಉಪ್ಪನ್ನು ಹಿಡಿದಿಟ್ಟರೆ ತಾನೇ ಕಟ್ಟಿಕೊಂಡು ಸಾಯುತ್ತದೆ. ಅದಕ್ಕೇ ಕೊಳವೆಗೆ ಎರಡನೆಯ ಪೈಪು ಇರುತ್ತದೆ. ದಾಟಲಾರದ ಉಪ್ಪು, ಸುಣ್ಣ, ಫ್ಲೋರೈಡು, ಪೊರೆಗೆ ಸುಣ್ಣ ಕಟ್ಟದಿರಲೆಂದು ಹನಿಹನಿಯಾಗಿ ಬೆರೆಸುವ ಔಷಧಿ, ಎಲ್ಲವನ್ನೂ ಹೊತ್ತುಕೊಂಡು ಉಳಿದ ನೀರು ಈ ಪೈಪಿನಿಂದ ಹೋಗುತ್ತದೆ. ಮಿಲ್ಲಿನ ಬೋರ್‌ವೆಲ್ಲಿನ ನೀರಿನಲ್ಲಿದ್ದ ಉಪ್ಪು ಎಲ್ಲೂ ಕರಗಿ ಮಾಯವಾಗುವುದಿಲ್ಲ. ಒಂದು ನೀರಿನಿಂದ ತೆಗೆದದ್ದನ್ನು ಇನ್ನೊಂದು ನೀರಿಗೆ ಹೇರಲಾಗುತ್ತದೆ, ಅಷ್ಟೆ. ಯಂತ್ರ ಎರಡು ನೀರು ಮಾಡುತ್ತದೆ. ಪೂಜೆಯ ದಿನ ಎರಡನೆಯ ಪೈಪಿಗೆ ಹೂವಿನ ಮಾಲೆ ಇರಲಿಲ್ಲ.

ಇನ್ನು ಅಕ್ಕನ ವಿಷಯ.

ಕಲ್ಲು ಬೆಳೆದು ಅವಳ ಒಂದು ಕಿಡ್ನಿ ಮೊದಲೇ ಕೆಟ್ಟಿತ್ತು. ಜೊತೆಗೆ ಬಿಪಿ. ಯಾದಗಿರಿಯ ಡಾಕ್ಟರು ಅವಳಿಗೆ ಎರಡು ಮಾತು ಹೇಳಿದ್ದರು: ಉಪ್ಪು ಬಿಡಬೇಕು, ಒಳ್ಳೆಯ ನೀರು ಚೆನ್ನಾಗಿ ಕುಡಿಯಬೇಕು. ಇಲ್ಲವಾದರೆ ಉಳಿದ ಕಿಡ್ನಿಯೂ ಕೈಬಿಟ್ಟು, ವಾರ ವಾರ ಮಷೀನಿಗೆ ಮಲಗಿ ರಕ್ತ ಸೋಸಿಕೊಳ್ಳಬೇಕಾಗುತ್ತದೆ.

ಅಕ್ಕ ಉಪ್ಪು ಬಿಟ್ಟಳು. ಖಾನಾವಳಿ ನಡೆಸುವವಳಿಗೆ ಉಪ್ಪು ಬಿಡುವುದೆಂದರೆ ಏನೆಂದು ನಾನು ದಿನವೂ ನೋಡಿದೆ. ಮಂದಿಗೆ ಪುಂಡಿಪಲ್ಯೆ, ಶೇಂಗಾ ಚಟ್ನಿ, ಮಾವಿನಕಾಯಿ ಉಪ್ಪಿನಕಾಯಿ ಬಡಿಸುತ್ತಿದ್ದಳು. ಕಡೆಗೆ ತಾನು ಕೂತು ಒಣ ರೊಟ್ಟಿಗೆ ಮೊಸರು ಹಚ್ಚಿಕೊಂಡು ತಿನ್ನುತ್ತಿದ್ದಳು. ಸಾರಿನ ಉಪ್ಪು ನೋಡಲಿಕ್ಕೂ ನಾಲಿಗೆಗೆ ಹಚ್ಚುತ್ತಿರಲಿಲ್ಲ. ಪಾತ್ರೆ ತಿಕ್ಕುವಾಕೆಯನ್ನು ಕರೆದು ಕೇಳುತ್ತಿದ್ದಳು.

ನೀರಿನ ವಿಷಯಕ್ಕೂ ಅಷ್ಟೇ ನಿಷ್ಠೆ. ನಳದ ನೀರು ಮಳೆಗಾಲದಲ್ಲಿ ರಾಡಿ. ಬೋರಿನದು ಉಪ್ಪುಪ್ಪು ಸವಳು. ಎದುರಿಗೆ ಮಷೀನಿನ ನೀರು, ಅದೂ ಧರ್ಮಕ್ಕೆ. ಬೆಳಿಗ್ಗೆ ಕಸ ಬಳಿದ ಕೂಡಲೇ ತಾಮ್ರದ ಕೊಡ ತೆಗೆದುಕೊಂಡು ಹೋಗಿ ಹರವಿಯಿಂದ ತುಂಬಿಕೊಂಡು ಬರುತ್ತಿದ್ದಳು. ಬರುವಾಗ ಆ ಕಲ್ಲಿಗೆ ಕೈಮುಗಿದು, "ನಿನ್ನ ಹೊಟ್ಟಿ ತಣ್ಣಗಿರ್ಲಿ ನಮ್ಮವ್ವ, ಎಂಥಾ ಮಗನ್ನ ಹಡದಿ" ಎನ್ನುತ್ತಿದ್ದಳು. ಆ ಕೊಡದ ನೀರು ಸಂಜೆಯೊಳಗೆ ಅವಳೊಬ್ಬಳಿಗೇ ಮುಗಿಯುತ್ತಿತ್ತು.

ಬೇಸಿಗೆ ಏರಿದಂತೆ ಅವಳ ಕಾಲು ಬಾತವು. ಮೊದಲು ಸಂಜೆಗೆ, ಆಮೇಲೆ ಬೆಳಿಗ್ಗೆಯೂ. ಕಾಲುಂಗುರ ಬೆರಳಿನೊಳಗೆ ಹೂತು, ಅಕ್ಕಸಾಲಿಗನ ಹತ್ತಿರ ಹೋಗಿ ಕತ್ತರಿಸಿ ತೆಗೆಸಬೇಕಾಯಿತು. ಡಾಕ್ಟರು ರಿಪೋರ್ಟು ನೋಡಿ ಸಿಟ್ಟಾದರು.

"ಉಪ್ಪು ತಿನ್ನಾಕತ್ತೀರಿ. ಸುಳ್ಳು ಹೇಳಬ್ಯಾಡ್ರಿ."

"ನಮ್ಮಪ್ಪನಾಣೆ ಇಲ್ರಿ."

"ನೀವಲ್ಲ, ನಿಮ್ಮ ರಕ್ತ ಹೇಳಾಕತ್ತದ. ಹಿಂಗ ಮುಂದುವರಿದ್ರ ಮುಂದಿನ ಸಲ ಬಂದಾಗ ಮಷೀನಿನ ಮಾತ ಆಡಬೇಕಾಗ್ತದ."

ತಿರುಗಿ ಬರುವಾಗ ಬಸ್ಸು ಮುದನಾಳ ದಾಟಿತು. ಆಮೇಲೆ ಅಕ್ಕ ಇಷ್ಟೇ ಅಂದಳು: "ಉಪ್ಪು ತಿಂದು ಸಾಯೋದಾದ್ರ ತಿಂದಾದ್ರೂ ಸಾಯ್ತಿದ್ದೆ. ತಿನ್ನದೇ ಕಳ್ಳಿ ಆದೆ ನೋಡು." ಮನೆಯಲ್ಲಿ ಎಲ್ಲರ ಕಣ್ಣೂ ಉಪ್ಪಿನಕಾಯಿ ಜಾಡಿಯ ಮೇಲೆ. ಅವಳು ಅಡುಗೆಮನೆಯಿಂದ ಬಾಯಿ ಒರೆಸಿಕೊಳ್ಳುತ್ತ ಬಂದರೂ ಭಾವ ಮುಖ ನೋಡುತ್ತಿದ್ದರು. ಆ ನೋಟ ಅವಳಿಗೆ ಗೊತ್ತಾಗುತ್ತಿತ್ತು. ಅವಳು ಇನ್ನೂ ಒಂದು ತಂಬಿಗೆ ನೀರು ಹೆಚ್ಚು ಕುಡಿದಳು.

ಒಂದು ಭಾನುವಾರ ನಳದ ದೊಡ್ಡ ಪೈಪು ಒಡೆದು ಊರಿಗೆ ನೀರು ಬರಲಿಲ್ಲ. ಖಾನಾವಳಿಯ ಅಡುಗೆಗೆ ಅಕ್ಕ ಯಾವಾಗಲೂ ನಳದ ನೀರನ್ನೇ ತಿಳಿಯಾಗಿಸಿ ಬಳಸುತ್ತಿದ್ದಳು. ಧರ್ಮದ ನೀರಿನಿಂದ ವ್ಯಾಪಾರ ಮಾಡಬಾರದೆಂಬುದು ಅವಳ ನೇಮ. ಆ ದಿನ ಬೇರೆ ದಾರಿ ಇರಲಿಲ್ಲ. ಹರವಿಯ ನೀರಿಗೇ ಬೇಳೆ ಹಾಕಿದಳು. ಬೇಳೆಯೂ ಎದುರಿನ ಮಿಲ್ಲಿನದೇ.

ಕುಕ್ಕರ್ ಸೀಟಿ ಹೊಡೆಯಿತು, ಮತ್ತೆ ಹೊಡೆಯಿತು, ಮತ್ತೂ ಹೊಡೆಯಿತು. ಮುಚ್ಚಳ ತೆಗೆದರೆ ಬೇಳೆ ಒಂದೊಂದೂ ಎದ್ದು ನಿಂತಿತ್ತು. ಸೌಟಿನಿಂದ ಒತ್ತಿದರೆ ಜಾರಿಕೊಂಡು ಹೋಗುತ್ತಿತ್ತು. ಮತ್ತೆ ಬೇಯಿಸಿದಳು. ಊಟದ ಹೊತ್ತಾಗಿ ಮಂದಿ ಬಂದು ಕೂತರು. ಬೇರೆ ಸಾರು ಮಾಡಲು ವೇಳೆ ಇರಲಿಲ್ಲ.

"ಅಕ್ಕಾರ, ಇದು ಬೇಳಿ ಸಾರೋ, ಗೋಲಿ ಆಟನೋ?" ಎಂದು ಒಬ್ಬ ಹಮಾಲ ತಟ್ಟೆ ಅಲ್ಲಾಡಿಸಿದ.

"ಶಿವ ಹಲ್ಲು ಕೊಟ್ಟಾನಲ್ಲ, ಕಡಿ," ಎಂದಳು ಅಕ್ಕ.

"ಹಲ್ಲು ಕೊಟ್ಟಾನ, ಗಿರಣಿ ಕೊಟ್ಟಿಲ್ಲ ಬೇ!"

ಎಲ್ಲರೂ ನಕ್ಕರು. ಒಬ್ಬರು ಚಿಟಿಕೆ ಸೋಡಾ ಹಾಕಿದರೆ ಮೆತ್ತಗಾಗುತ್ತದೆ ಎಂದರು. "ಸೋಡಾ ಹಾಕಿ ಬೇಯ್ಸೋ ಬೇಳಿ ನನ್ನ ಒಲಿ ಏರಂಗಿಲ್ಲ" ಎಂದು ಅಕ್ಕ ಒಳಗೆ ಹೋದಳು. ಅವಳ ಮುಖ ಕೆಂಪಾಗಿತ್ತು. ನಮ್ಮ ಕಡೆ ತೊಗರಿ ಎಂದರೆ ಬೆಳೆ ಮಾತ್ರವಲ್ಲ, ಮರ್ಯಾದೆ. ಹೊಸ ಊರಿಗೆ ಹೆಣ್ಣು ಕೊಡುವ ಮೊದಲು ಅಲ್ಲಿ ಬೇಳೆ ಬೇಯುತ್ತದೋ ಇಲ್ಲವೋ ಎಂದು ಕೇಳುವ ಮಂದಿ ನಾವು. ಖಾನಾವಳಿಯಲ್ಲಿ ಬೇಳೆ ಬೇಯದಿದ್ದರೆ ಬೋರ್ಡು ಇಳಿಸಿದ ಹಾಗೆ.

ಅಕ್ಕನ ಸಂಶಯ ಬೇಳೆಯ ಮೇಲೆ ಹೋಯಿತು. ಸಾವುಕಾರರು ಹಳೆಯ ತೊಗರಿ ಬೆರೆಸಿದ್ದಾರೆ ಎಂದಳು. ನೀರಿನ ಮೇಲೆ ಅವಳಿಗೆ ಎಳ್ಳಷ್ಟೂ ಸಂಶಯ ಬರಲಿಲ್ಲ. ಒಂದು ಹಿಡಿ ಹಸಿ ಬೇಳೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಬೇಯದ ಬೇಳೆಯ ಬಟ್ಟಲನ್ನು ನನ್ನ ಕೈಗೆ ಕೊಟ್ಟು, ಬಾತ ಕಾಲೆಳೆಯುತ್ತ ರಸ್ತೆ ದಾಟಿದಳು.

ಸಾವುಕಾರರು ಮಿಲ್ಲಿನ ಆಫೀಸಿನಲ್ಲಿ ಗಾದಿಯ ಮೇಲೆ ಕೂತಿದ್ದರು. ಬಟ್ಟಲು ನೋಡಿ ಕೆರಳಿದರು.

"ನನ್ನ ಬೇಳಿಗಿ ಹೆಸರಿಡಬ್ಯಾಡ್ರಿ, ಅಕ್ಕಾರ. ಹೈದರಾಬಾದ್‌ತನಕ ಹೋಗ್ತದ ಇದು."

"ಹೈದರಾಬಾದಿನ್ಯಾಗ ಬೇಯ್ತದೇನೋರಿ. ನನ್ನ ಒಲಿ ಮ್ಯಾಲ ಬೇಯವಲ್ದು."

"ಒಲಿ ನಿಮ್ದು ಕೆಟ್ಟಿರಬೇಕು."

"ಒಲಿ ಕೆಟ್ರ ರೊಟ್ಟಿ ಹೆಂಗ ಬೆಂದ್ವು?"

ಸಾವುಕಾರರಿಗೆ ಧರ್ಮದ ಬಗ್ಗೆ ಯಾರು ಏನಂದರೂ ನಡೆಯುತ್ತಿತ್ತೇನೋ. ಬೇಳೆಯ ಬಗ್ಗೆ ಅಂದದ್ದು ನಡೆಯಲಿಲ್ಲ. ಆಫೀಸಿನ ಹಿಂದೆಯೇ ಅವರ ಊಟಕ್ಕೊಂದು ಸಣ್ಣ ಅಡುಗೆಮನೆ ಇತ್ತು. ಅಡುಗೆಯವನನ್ನು ಕರೆದು, ಅಕ್ಕನ ಸೆರಗಿನ ಬೇಳೆಯನ್ನೇ ಅವನ ಕೈಗೆ ಸುರಿಸಿ, "ಇಲ್ಲೇ ಇವರ ಕಣ್ಣೆದುರಿಗಿ ಬೇಯ್ಸು" ಎಂದರು. ಅವನು ಗೋಡೆಗೆ ಹೊಂದಿಸಿದ್ದ ಸ್ಟೀಲ್ ಟಾಕಿಯ ನಲ್ಲಿ ತಿರುಗಿಸಿ ನೀರು ಹಿಡಿದ. ನಾವು ನಿಂತೇ ಇದ್ದೆವು. ಕೂಡಲು ಯಾರೂ ಹೇಳಲಿಲ್ಲ. ಅಕ್ಕ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸುತ್ತಿದ್ದಳು.

ಕುಕ್ಕರ್ ಇಳಿಯಿತು. ಮುಚ್ಚಳ ತೆಗೆದರೆ ಬೇಳೆ ಎಂಬುದೇ ಉಳಿದಿರಲಿಲ್ಲ, ಹಳದಿ ಗಂಜಿ. ಸಾವುಕಾರರು ತಾವೇ ಎದ್ದು ಬಂದು ಸೌಟು ತುಂಬಿ ಎತ್ತಿ ಸುರಿದು ತೋರಿಸಿದರು.

"ನೋಡ್ರಿ! ಬೆಣ್ಣಿ! ಬೇಳಿದು ತಪ್ಪದಾ ಈಗ? ಬೇಳಿದಲ್ಲ, ನಿಮ್ಮ ನೀರು ಹೊಲಸದ. ಎಲ್ಲಿ ಹೊಲಸ ನೀರು ತಂದು ಹಾಕಿದ್ರಿ ನನ್ನ ಬೇಳಿಗಿ?"

"ನಿಮ್ಮ ಹರವಿದುರಿ," ಎಂದಳು ಅಕ್ಕ. "ನಿಮ್ಮವ್ವಾರ ಹೆಸರಿಲೆ ಇಟ್ಟೀರಲ್ಲ, ಅದು."

ಸೌಟು ಹಾಗೇ ಗಾಳಿಯಲ್ಲಿ ನಿಂತಿತು. ಬೇಳೆ ಅದರ ಅಂಚಿನಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅಡುಗೆಯವನು ಒರೆಸುವ ಬಟ್ಟೆ ಹುಡುಕುವ ನೆಪದಲ್ಲಿ ಹೊರಗೆ ಹೋದ.

ನಾನು ಯಾರನ್ನೂ ಕೇಳದೆ ಹಿಂದಿನ ಕೋಣೆಗೆ ಹೋದೆ. ಯಂತ್ರ ನಡೆಯುತ್ತಿತ್ತು. ಪೂಜೆಯ ಮಾಲೆಗಳು ಒಣಗಿ ಇನ್ನೂ ನೇತಾಡುತ್ತಿದ್ದವು. ಕೊಳವೆಯ ತುದಿಯಿಂದ ಎರಡು ಪೈಪು ಹೊರಟಿದ್ದವು. ನಡುವಿನಿಂದ ಬಂದದ್ದು ಗೋಡೆ ಹಿಡಿದು ಆಫೀಸಿನ ಸ್ಟೀಲ್ ಟಾಕಿಗೆ ಹೋಗಿತ್ತು. ಅದರಿಂದಲೇ ಒಂದು ಕವಲು ಸಾವುಕಾರರ ಮನೆಗೂ ಹೋಗಿತ್ತು. ಎರಡನೆಯ ಪೈಪಿಗೆ ಒತ್ತಡ ಹಿಡಿಯುವ ವಾಲ್ವು ಇತ್ತು. ಅದನ್ನು ದಾಟಿ ಆ ಪೈಪು ನೇರ ನಡೆದು, ಗೋಡೆಯ ತೂತಿನಿಂದ ಹೊರಬಿದ್ದು, ಅರವಟಿಗೆಯ ಹಿಂದಿನ ಸಿಮೆಂಟ್ ತೊಟ್ಟಿಯಲ್ಲಿ ಮುಗಿದಿತ್ತು. ಆ ತೊಟ್ಟಿಯಿಂದಲೇ ದಿನವೂ ಹರವಿ ತುಂಬಿಸುತ್ತಿದ್ದರು. ಗೋಡೆಯ ಆ ಬದಿಯಲ್ಲಿ ಬಂಗಾರದ ಅಕ್ಷರ, ಈ ಬದಿಯಲ್ಲಿ ಪೈಪು. ತೊಟ್ಟಿಯ ಅಂಚಿನಲ್ಲಿ ನೀರು ಒಣಗಿದಲ್ಲೆಲ್ಲ ಬಿಳಿ ಚಕ್ಕೆ ಕಟ್ಟಿತ್ತು. ಉಗುರಿನಿಂದ ಕೆರೆದು ನಾಲಿಗೆಗೆ ಹಚ್ಚಿಕೊಂಡೆ. ಉಪ್ಪುಪ್ಪಾಗಿ, ಕಹಿಯಾಗಿತ್ತು. ಬೇಳೆಯನ್ನು ಬೇಯಲು ಬಿಡದಿದ್ದದ್ದು ಈ ಸುಣ್ಣವೇ. ಹರವಿಯಲ್ಲಿ ಆ ರುಚಿ ಯಾಕೆ ತಿಳಿಯಲಿಲ್ಲ ಎಂದರೆ ಲಾವಂಚ ಇತ್ತು, ತಂಪಿತ್ತು. ಬೋರಿನ ಸವಳಿಗೆ ನಮ್ಮ ನಾಲಿಗೆ ಮೊದಲೇ ಪಳಗಿತ್ತು. ಕಣ್ಣಿಗಂತೂ ಎರಡೂ ನೀರು ಒಂದೇ. ಉಸುಕು, ಇದ್ದಲಿ, ಕ್ಯಾಂಡಲ್ ದಾಟಿ ಬಂದದ್ದರಿಂದ ಎರಡೂ ಕನ್ನಡಿಯಂತೆ ತಿಳಿ.

ಸಾವುಕಾರರು ಬಾಗಿಲಲ್ಲಿ ಬಂದು ನಿಂತಿದ್ದರು. ಸಿಕ್ಕಿಬಿದ್ದವರ ಹಾಗೆ ಅವರು ಕಾಣಲಿಲ್ಲ. ಅದೇ ನನ್ನನ್ನು ಹೆಚ್ಚು ಅಲ್ಲಾಡಿಸಿದ್ದು.

"ಚೆಲ್ಲೂದು ಪಾಪ ಅಲ್ರಿ, ಟೀಚರ್?" ಎಂದರು. "ಎಷ್ಟೊಂದು ನೀರು ಗಟಾರಕ್ಕ ಬಿಡಬೇಕು? ಉಸುಕ ದಾಟೇದ, ಇದ್ದಲಿ ದಾಟೇದ, ಕ್ಯಾಂಡಲ್ ದಾಟೇದ. ಕಡೀದೊಂದು ದಾಟಿಲ್ಲ, ಅಷ್ಟ. ಎಲ್ಲಾ ಪಾಸಾಗಿ ಒಂದರಾಗ ಫೇಲಾದ ಹುಡುಗನ್ನ ಸಾಲಿ ಬಿಡಿಸಿ ಓಡಸ್ತೀರೇನು ನೀವು?"

ಮಾತು ಬಲ್ಲವರು. ಮಠದಲ್ಲಿ ಪ್ರವಚನ ಕೇಳಿ ಕೇಳಿ ಕಲಿತ ಜಾಣತನ. ಆದರೆ ಲೆಕ್ಕ ತಪ್ಪಿತ್ತು. ಅದು ಒಂದರಲ್ಲಿ ಫೇಲಾದ ಹುಡುಗನಲ್ಲ. ಪಾಸಾದ ಹುಡುಗನ ತಪ್ಪನ್ನೆಲ್ಲ ಬೆನ್ನಿಗೆ ಹೊರಿಸಿಕೊಂಡು ಹೊರಗೆ ಬಂದ ಹುಡುಗ. ಬೋರಿನ ನೀರನ್ನು ಹಾಗೇ ಹರವಿಗೆ ತುಂಬಿದ್ದರೂ ಅದು ಇದಕ್ಕಿಂತ ಮೇಲಿತ್ತು. ಇದನ್ನು ನಾನು ನಿಧಾನವಾಗಿ, ತರಗತಿಯಲ್ಲಿ ಹೇಳುವ ಹಾಗೆ ಹೇಳಿದೆ. ಅವರು ತಲೆಯಾಡಿಸುತ್ತ ಕೇಳಿದರು. ಕಡೆಗೆ ನಾನು ಕೇಳಿದೆ: "ಅಷ್ಟು ಒಳ್ಳೇದಿದ್ರ, ನೀವು ಇದನ್ನ ಕುಡೀತೀರೇನ್ರಿ?"

"ನನಗ ಬಿಪಿ ಅದಲ್ರಿ," ಎಂದರು. "ಡಾಕ್ಟರು ಉಪ್ಪು ಬ್ಯಾಡಂದಾರ."

ಅವರು ಇದನ್ನು ಕಪಟದಿಂದ ಹೇಳಲಿಲ್ಲ. ಯಾರೋ ಆರೋಗ್ಯ ವಿಚಾರಿಸಿದಾಗ ಹೇಳುವ ಹಾಗೆ ಹೇಳಿದರು. ಅಕ್ಕ ಅವರ ಹಿಂದೆಯೇ ಬಂದು ನಿಂತಿದ್ದಳು. ಅವಳು ತನ್ನ ಪಾದ ನೋಡಿಕೊಂಡಳು. ಕಾಲುಂಗುರ ಕತ್ತರಿಸಿದ ಬೆರಳಿನಲ್ಲಿ ಬಿಳಿ ಗೆರೆ ಇನ್ನೂ ಇತ್ತು. ಆಮೇಲೆ ನನ್ನ ತೋಳು ಹಿಡಿದು, "ನಡಿ ತಂಗಿ" ಎಂದಳು. ಗೇಟಿನ ಹತ್ತಿರ ಆ ಕಲ್ಲನ್ನು ದಾಟುವಾಗ ಅಭ್ಯಾಸಬಲದಿಂದ ಅವಳ ಕೈ ಮೇಲೆದ್ದಿತು. ಎದ್ದ ಕೈಯಿಂದ ಸೆರಗು ಸರಿಮಾಡಿಕೊಂಡಳು.

ಮರುದಿನ ಹರವಿಗಳು ಬೋರಲಾಗಿದ್ದವು. ಮೊದಲನೆಯ ಪೈಪಿಗೆ ಇನ್ನೊಂದು ಕವಲು ಜೋಡಿಸಿ ತೊಟ್ಟಿಗೆ ಬಿಟ್ಟಿದ್ದರೆ ಸಾಕಿತ್ತು; ಒಳ್ಳೆಯ ನೀರೇ ಹರವಿಗೆ ಬರುತ್ತಿತ್ತು. ಅಷ್ಟು ಸಣ್ಣ ಕೆಲಸ. ಅದು ಸಾವುಕಾರರ ತಲೆಗೆ ಹೊಳೆಯಲೇ ಇಲ್ಲ. ಬೇಡವಾದ ನೀರನ್ನು ದಾನ ಕೊಡಲಿಕ್ಕೆ ಅವರಿಗೆ ಬರುತ್ತಿತ್ತು. ಬೇಕಾದ ನೀರನ್ನು ಕೊಡುವುದನ್ನು ಯಾವ ಪ್ರವಚನದಲ್ಲೂ ಅವರು ಕೇಳಿಸಿಕೊಂಡಿರಲಿಲ್ಲ. ಎರಡನೆಯ ಪೈಪನ್ನು ಗಟಾರಕ್ಕೆ ತಿರುಗಿಸಿದರು. ಕಲ್ಲು ಹಾಗೇ ಉಳಿಯಿತು. ಈಗಲೂ ಇದೆ, ಬಂಗಾರದ ಅಕ್ಷರವನ್ನು ಆಗಾಗ ಒರೆಸುತ್ತಾರೆ.

ಊರು ಏನಂದಿತು ಎಂಬುದನ್ನೂ ಬರೆಯಬೇಕು. ಸಾವುಕಾರರನ್ನು ಒಬ್ಬರೂ ಏನೂ ಅನ್ನಲಿಲ್ಲ. ಬಿಸಿಲಿಗೆ ಗಂಟಲೊಣಗಿ ಬಂದು ಬೋರಲಾದ ಹರವಿ ನೋಡಿದವರೆಲ್ಲ ಖಾನಾವಳಿಯ ಕಡೆ ತಿರುಗಿ ನೋಡಿದರು.

"ಈಕಿನೇ ತಕರಾರು ಮಾಡ್ಯಾಳಂತ, ಅದಕ್ಕ ಬಂದ್ ಮಾಡ್ಯಾರ."

"ಧರ್ಮಕ್ಕ ದಟ್ಟಿ ಕೊಟ್ರ ಹಿತ್ತಲಕ್ಕ ಹೋಗಿ ಮೊಳ ಹಾಕಿದ್ಳಂತ."

"ಬೇಳಿ ಬೇಯಿಸಾಕ ಬರಲಿಲ್ಲಂದ್ರ ನೀರಿಗ್ಯಾಕ ಬಯ್ಯಬೇಕು?"

ಎರಡು ಪೈಪಿನ ವಿಷಯ ನಾನು ಕೆಲವರಿಗೆ ಬಿಡಿಸಿ ಹೇಳಿದೆ. ಕೇಳಿದರು. "ಖರೇನ್ರಿ?" ಎಂದರು. ಆಮೇಲೆ, "ಆದ್ರೂ ಪುಕ್ಕಟೆ ಕೊಡ್ತಿದ್ರಲ್ರಿ" ಎಂದರು. ಈ 'ಆದ್ರೂ' ಎಂಬುದು ನಮ್ಮ ಊರಿನ ಕೊನೆಯ ಪೊರೆ. ಯಾವ ಸತ್ಯವೂ ಅದನ್ನು ದಾಟುವುದಿಲ್ಲ.

ಡಾಕ್ಟರಿಗೆ ಅಕ್ಕನೇ ಎಲ್ಲ ಹೇಳಿದಳು. ಅವರು ರಿಪೋರ್ಟು ಮತ್ತೊಮ್ಮೆ ತಿರುವಿ ನೋಡಿ, "ಎಲ್ಲಾ ಆ ನೀರಿನಿಂದನ ಆಗೇದ ಅಂತ ನಾ ಹೇಳಂಗಿಲ್ಲ. ಆದ್ರ ಅದು ನಿಂತಿದ್ದು ಚಲೋ ಆತು" ಎಂದರು. ಸುಳ್ಳು ಹೇಳಬ್ಯಾಡ್ರಿ ಎಂದದ್ದನ್ನು ಅವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಅಕ್ಕ ಕೇಳಲೂ ಇಲ್ಲ. ಕಾಲಿನ ಬಾವು ಇಳಿಯಿತು. ರಕ್ತದ ರಿಪೋರ್ಟಿನ ಅಂಕಿ ಇಳಿದಿಲ್ಲ, ಏರಿಯೂ ಇಲ್ಲ. ಮಷೀನಿನ ಮಾತು ಸದ್ಯಕ್ಕೆ ಅಲ್ಲಿಗೇ ನಿಂತಿದೆ. ಹೊಸ ಕಾಲುಂಗುರ ಮಾಡಿಸಲು ಅವಳು ಇನ್ನೂ ಒಪ್ಪಿಲ್ಲ.

ಈಗ ಖಾನಾವಳಿಯ ಕಟ್ಟೆಯ ಮೇಲೆ ಅಕ್ಕನದೇ ಒಂದು ಹರವಿ ಇದೆ. ನಳದ ನೀರನ್ನು ತಿಳಿಯಾಗಿಸಿ, ಕುದಿಸಿ, ಆರಿಸಿ ತುಂಬುತ್ತಾಳೆ. ಲಾವಂಚ ಹಾಕುವುದಿಲ್ಲ. ಬಯ್ದವರೇ ಬಂದು ಕುಡಿಯುತ್ತಾರೆ. ಮೊನ್ನೆ ಕೆಂಭಾವಿ ಕಡೆಯ ಹಮಾಲನೊಬ್ಬ, ಬೇಳೆಯನ್ನು ಗೋಲಿ ಆಟ ಎಂದಿದ್ದವನೇ, ಗ್ಲಾಸು ಎತ್ತಿ ಕುಡಿದು ಮುಖ ಸೊಟ್ಟ ಮಾಡಿದ.

"ತಣ್ಣಗದ ಅಕ್ಕಾ, ಆದ್ರ ಸಪ್ಪಗದ. ಸಾವ್ಕಾರ್ರ ನೀರಿಗಿ ಒಂದು ರುಚಿ ಇತ್ತು ನೋಡು."

ಅಕ್ಕ ಒಳಗೆ ಹೋಗಿ ಉಪ್ಪಿನ ಡಬ್ಬಿ ತಂದು ಅವನ ಮುಂದೆ ಇಟ್ಟಳು.

"ತಗೊ, ಹಾಕ್ಕೊ. ನನ್ನ ಕಣ್ಣೆದುರಿಗಿ ಹಾಕ್ಕೊ. ಕಾಣೂವಂಗ ಹಾಕಿದ ಉಪ್ಪಿಗಿ ನನ್ನ ತಕರಾರಿಲ್ಲ."

ಅವನು ನಕ್ಕ. ನಗುತ್ತಲೇ ಮತ್ತೊಂದು ಗ್ಲಾಸು ತುಂಬಿಕೊಂಡ. ನಿಜವಾಗಿಯೂ ಒಂದು ಚಿಟಿಕೆ ಉಪ್ಪು ಹಾಕಿ, ಬೆರಳಿನಿಂದ ತಿರುವಿ, ಗಟಗಟ ಕುಡಿದು, ಮೀಸೆ ಒರೆಸಿಕೊಂಡ.

"ಹಾಂ," ಎಂದ, "ಇದು ನೋಡು ನೀರು."